ಗುರುಬಾಯಿಯ ಅಂಗನವಾಡಿ ಮಕ್ಕಳ ಮೊದಲ ಮತ

ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ, ನಾಲೆಗೆ ಬೆನ್ನು ಹಾಕಿ ನಿಂತ ಚಾಳುಗಳ ನಡುವೆ ಗುರುಬಾಯಿಗೆ ಎರಡು ಕೆಲಸ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಂಗನವಾಡಿ. ಆಮೇಲೆ ಮತದಾರರ ಪಟ್ಟಿ. ಮೊದಲನೆಯದು ಅವಳು ಬೇಡಿ ಪಡೆದದ್ದು, ಎರಡನೆಯದು ಸರ್ಕಾರ ತಾನಾಗಿ ತಲೆಯ ಮೇಲೆ ಇಟ್ಟದ್ದು.

ಇಂಡಿ ತಾಲೂಕಿನ ಹಳ್ಳಿಯಿಂದ ಹತ್ತೊಂಬತ್ತನೆಯ ವಯಸ್ಸಿಗೆ ಮದುವೆಯಾಗಿ ಬಂದವಳು. ಗಂಡ ಕಾಶಪ್ಪ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸಕ್ಕಿದ್ದ. ಹತ್ತನೇ ಪಾಸಾಗಿದ್ದ ಗುರುಬಾಯಿ ರೇಶನ್ ಅಂಗಡಿಯ ಫಲಕ, ಬಸ್ಸಿನ ಬೋರ್ಡು, ನೆರೆಮನೆಯವರ ಜಗಳ ಇವುಗಳಿಂದಲೇ ಮರಾಠಿ ಕಲಿತಳು. ಐದಾರು ವರ್ಷದಲ್ಲಿ ಅದೇ ಓಣಿಯ ಅಂಗನವಾಡಿಗೆ ಸೇವಿಕೆಯಾಗಿ ಸೇರಿದಳು. ಈಗ ಅವಳಿಗೆ ನಲವತ್ತೈದು. ಓಣಿಯ ಅರ್ಧಕ್ಕರ್ಧ ಹರೆಯದವರು ಒಂದು ಕಾಲಕ್ಕೆ ಅವಳ ಸೆರಗು ಹಿಡಿದು ಅತ್ತವರೇ.

ವಿಧಾನಸಭೆ ಚುನಾವಣೆಯ ವರ್ಷ ಬಿಎಲ್‌ಓ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಎಂಬ ಎರಡನೆಯ ಕೆಲಸ ಬಂದಾಗ ಉಳಿದ ಸೇವಿಕೆಯರು ಗೊಣಗಿದರು. ಗುರುಬಾಯಿ ಗೊಣಗಲಿಲ್ಲ, ಕೊಟ್ಟ ಕೈಪಿಡಿಯನ್ನು ಮನೆಗೆ ಒಯ್ದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದಳು. ಒಂದು ಮತಗಟ್ಟೆಯ ಪಟ್ಟಿ ಅವಳ ಸುಪರ್ದಿಗೆ ಬಂದಿತ್ತು. ಹದಿನೆಂಟು ತುಂಬಿದವರ ಹೆಸರು ಸೇರಿಸಬೇಕು, ತೀರಿಹೋದವರ ಹೆಸರು ತೆಗೆಸಬೇಕು, ಮನೆ ಬದಲಿಸಿದವರದು ಸರಿಪಡಿಸಬೇಕು. ಓದಿ ಮುಗಿಸಿದ ಮೇಲೆ ಅವಳಿಗೆ ಅನ್ನಿಸಿದ್ದು ಇಷ್ಟೇ: ಇದು ಹಾಜರಿ ಪುಸ್ತಕದ ಕೆಲಸ, ಇದು ನನಗೆ ಬರುತ್ತದೆ.

ವಿಧಾನಸಭೆ ಚುನಾವಣೆಗೆ ನಾಲ್ಕು ತಿಂಗಳಿದ್ದಾಗ, ಜುಲೈ ತಿಂಗಳ ಮಳೆಯಲ್ಲಿ ಹೊಸ ಪಟ್ಟಿಯ ಪ್ರತಿ ಕೈಗೆ ಬಂತು. ಸಾವಿರದ ನೂರಕ್ಕೂ ಮೇಲ್ಪಟ್ಟು ಹೆಸರು. ಗುರುಬಾಯಿ ವಯಸ್ಸಿನ ಅಂಕಣದ ಮೇಲೆ ಬೆರಳಾಡಿಸುತ್ತ ಹದಿನೆಂಟು, ಹತ್ತೊಂಬತ್ತರವರನ್ನು ಎಣಿಸಿದಳು. ಏಳು ಮಂದಿ. ತಪ್ಪಿರಬೇಕೆಂದು ಮತ್ತೊಮ್ಮೆ ಎಣಿಸಿದಳು. ಏಳೇ. ಓಣಿಯ ತಿರುವಿನಲ್ಲಿ ಬೈಕಿನ ಮೇಲೆ ಕೂತು ಮೊಬೈಲ್ ನೋಡುವ ಹುಡುಗರೇ ಅದಕ್ಕಿಂತ ಹೆಚ್ಚಿದ್ದರು.

ಮಕ್ಕಳು ಮನೆಗೆ ಹೋದ ಮೇಲೆ ಅಂಗನವಾಡಿಯ ತಗಡಿನ ಟ್ರಂಕು ತೆಗೆದಳು. ಹದಿನೈದು ವರ್ಷದ ಹಿಂದಿನ ಹಾಜರಿ ಪುಸ್ತಕಗಳು ಅಲ್ಲಿದ್ದವು, ಒಂದಿಷ್ಟು ಗೆದ್ದಲು ತಿಂದು, ಒಂದಿಷ್ಟು ನೀರು ಕುಡಿದು. ಹೆಸರು, ತಾಯಿಯ ಹೆಸರು, ಹುಟ್ಟಿದ ದಿನಾಂಕ, ಎಲ್ಲವೂ ಅವಳದೇ ದುಂಡು ಅಕ್ಷರದಲ್ಲಿ. ಎರಡು ಪುಸ್ತಕದಿಂದ ಅರವತ್ತಮೂರು ಹೆಸರು ಬರೆದುಕೊಂಡಳು. ಮನೆ ಖಾಲಿ ಮಾಡಿ ವಿರಾರಿಗೋ ಕಲ್ಯಾಣಕ್ಕೋ ಹೋದವರನ್ನು ಕಳೆದರೆ ನಲವತ್ತು ಮಂದಿ ಇನ್ನೂ ಇಲ್ಲೇ ಇದ್ದರು. ಎಲ್ಲರಿಗೂ ಹದಿನೆಂಟು ತುಂಬಿತ್ತು. ಅವರಲ್ಲಿ ಪಟ್ಟಿಯಲ್ಲಿದ್ದವರು ಮೂವರು.

"ಇವರಿಗೆ ಸಾಲಿನಾಗ ನಿಂದ್ರೂದು ಕಲಿಸಿದಾಕಿ ನಾನ," ಎಂದಳು ಸಂಜೆ ಗಂಡನಿಗೆ. "ಮತ್ತೊಮ್ಮೆ ನಿಂದ್ರಸ್ತೀನಿ."

ಕಾಶಪ್ಪ ಚಹಾ ಸೋಸುತ್ತಿದ್ದ. "ಆವಾಗ ಉಪ್ಪಿಟ್ಟು ಕೊಡತಿದ್ದಿ, ನಿಂದರತಿದ್ರು. ಈಗೇನ್ ಕೊಡ್ತಿ?"

ಮರುದಿನ ಗುರುಬಾಯಿ ಫಾರ್ಮುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಛತ್ರಿ ಹಿಡಿದು ಹೊರಟಳು.

ಮೊದಲ ವಾರ ಬರಿ ಮಾತು ತಿಂದು ಬಂದಳು. ಒಬ್ಬ ಆನ್‌ಲೈನಿನಲ್ಲಿ ತಾನೇ ತುಂಬುತ್ತೇನೆಂದ, ತುಂಬಲಿಲ್ಲ. ಒಬ್ಬಳ ತಾಯಿ, "ನಾಳಿ ಲಗ್ನ ಆಗಿ ಹೋಗೂ ಹುಡುಗಿ, ಗಂಡನ ಮನ್ಯಾಗ ಹಾಕಸ್ತಾರ ಬಿಡ್ರಿ," ಎಂದಳು. ಇನ್ನೊಬ್ಬ ಮಾಲ್‌ನ ಡ್ಯೂಟಿಯಿಂದ ಬಂದು ಮಲಗಿದ್ದವನು ಕಣ್ಣೇ ಬಿಡಲಿಲ್ಲ.

ಭಾನುವಾರ ತಿರುವಿನ ಹುಡುಗರ ಗುಂಪಿಗೇ ಹೋಗಿ ನಿಂತಳು. ಅವರ ಮುಂದಾಳು ಅಮೋಲ್. ಅಪ್ಪ ಗುರುಪಾದ ಪವಾಯಿಯಲ್ಲಿ ಕಟ್ಟಡ ಕೆಲಸದ ಕೂಲಿಗಳ ಮೇಲ್ವಿಚಾರಕ, ಮುಕಾದಮ. ಅಮೋಲ್ ಬೆಳಿಗ್ಗೆ ಕಾಲೇಜಿಗೆ ಹೋಗಿ, ಮಧ್ಯಾಹ್ನದಿಂದ ಬಾಂದ್ರಾದ ಹೋಟೆಲುಗಳ ಊಟವನ್ನು ಸ್ಕೂಟರಿನಲ್ಲಿ ಮನೆಮನೆಗೆ ಮುಟ್ಟಿಸುತ್ತಿದ್ದ. ಅವನ ಕನ್ನಡ ಅರ್ಧ ದಾರಿ ನಡೆದು ಹಿಂದಿಗೆ ಜಾರುತ್ತಿತ್ತು.

"ಛೋಡೋ ನಾ ಮಾವಶಿ," ಎಂದ. ಓಣಿಯ ಹುಡುಗರಿಗೆಲ್ಲ ಗುರುಬಾಯಿ ಮಾವಶಿ, ಅಂದರೆ ಚಿಕ್ಕಮ್ಮ. "ನಾ ನಿಮ್ಮ ಬಾಲವಾಡಿಗೆ ಬರ್ತಿದ್ದೆ, ತಬ್ ಸೇ ನಮ್ಮ ಓಣಿ ಪಬ್ಲಿಕ್ ಟಾಯ್ಲೆಟ್ ಬಾಗಲಾ ಮುರದೈತಿ. ಎಲ್ಲಾರೂ ವೋಟ್ ಹಾಕಿದ್ರು. ಕ್ಯಾ ಹುವಾ?"

ಪ್ರಜಾಪ್ರಭುತ್ವ, ಹಕ್ಕು, ಕರ್ತವ್ಯ ಎಂದು ತರಬೇತಿಯಲ್ಲಿ ಹೇಳಿಕೊಟ್ಟ ಮಾತುಗಳು ಗುರುಬಾಯಿಯ ನಾಲಿಗೆಯ ತುದಿಗೆ ಬಂದವು. ಅವನ್ನು ನುಂಗಿಕೊಂಡು ಕೇಳಿದಳು: "ನಿಮ್ಮ ಖೋಲಿ ನಂಬರ್ ಎಷ್ಟೋ?"

"ಟ್ವೆಂಟಿ ಸೆವೆನ್."

ಅವಳು ಪಟ್ಟಿ ತೆಗೆದು, ಹಾಳೆ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಅವನ ಮುಂದೆ ಹಿಡಿದಳು. "ಓದು."

ಅಮೋಲ್ ಓದಿದ. ಇಪ್ಪತ್ತೇಳನೇ ಖೋಲಿಯ, ಅವರ ಒಂದು ಕೋಣೆಯ ಮನೆಯ, ಎದುರು ಇದ್ದದ್ದು ಒಂದೇ ಹೆಸರು, ಹನುಮವ್ವ, ವಯಸ್ಸು ಎಪ್ಪತ್ತೊಂದು. ಅವನ ಅಜ್ಜಿ. ತೀರಿಕೊಂಡು ಮೂರು ವರ್ಷವಾಗಿತ್ತು.

"ನಿಮ್ಮಪ್ಪ, ಅವ್ವನ ಹೆಸರು ಊರ ಪಟ್ಟ್ಯಾಗೈತಿ," ಎಂದಳು ಗುರುಬಾಯಿ ಶಾಂತವಾಗಿ. "ನಿಂದು ಎಲ್ಲೂ ಇಲ್ಲ. ಸರ್ಕಾರದ ಲೆಕ್ಕದಾಗ ಆ ಖೋಲ್ಯಾಗ ಬದುಕಿರಾಕಿ ಸತ್ತ ಹನುಮವ್ವ ಒಬ್ಬಾಕಿನ. ಪ್ರಚಾರಕ್ಕ ಬರಾವ್ರು ಇದ ಪಟ್ಟಿ ಹಿಡಕೊಂಡು ಬರ್ತಾರ. ನಿಮ್ಮ ಬಾಗಲಾ ದಾಟಿ ಮುಂದ ಹೋಗ್ತಾರ. ನಿಮ್ಮ ಬಾಗಲಾ ಬಡಿಲಾರದವ್ರು ಟಾಯ್ಲೆಟ್ಟಿನ ಬಾಗಲಾ ಯಾಕ ಹಚ್ಚತಾರ?"

ಗುಂಪಿನಲ್ಲಿ ಒಬ್ಬ ನಕ್ಕ. ಅಮೋಲ್ ನಗಲಿಲ್ಲ, ಇನ್ನೂ ಆ ಹೆಸರನ್ನೇ ನೋಡುತ್ತಿದ್ದ. ಗುರುಬಾಯಿ ಪಟ್ಟಿ ಮಡಚಿ ನಡೆದಳು.

ಎರಡು ದಿನದ ಮೇಲೆ ಅವನು ತೊಯ್ದುಕೊಂಡು ಅಂಗನವಾಡಿಗೆ ಬಂದ. ಅಂಗಿಯೊಳಗೆ ಜನ್ಮ ದಾಖಲೆ, ಆಧಾರ್ ಪ್ರತಿ. ಪುಟ್ಟ ಕುರ್ಚಿಗಳಲ್ಲಿ ಕೂರಲಾಗದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ತನ್ನ ಹೆಸರಿನ ಫಾರ್ಮು ತುಂಬಿದ. ಆಮೇಲೆ ಗುರುಬಾಯಿ ಇನ್ನೊಂದು ಫಾರ್ಮು ಕೊಟ್ಟಳು. ಅದು ಹೆಸರು ತೆಗೆಸುವುದಕ್ಕೆ.

ಪೆನ್ನು ನಿಂತಿತು. "ಇದು ನಾನೇ ಮಾಡಬೇಕಾ?"

"ನೀನ ಮಾಡಬೇಕಂತಿಲ್ಲ. ನಿಮ್ಮಪ್ಪ ಮಾಡಬಹುದು."

ಅವನು ಫಾರ್ಮನ್ನು ತನ್ನತ್ತ ತಿರುಗಿಸಿಕೊಂಡ. ದಿನಾ ಬೆಳಿಗ್ಗೆ ಅವನನ್ನು ಸೊಂಟದ ಮೇಲೆ ಹೊತ್ತು ಇದೇ ಬಾಗಿಲಿಗೆ ತಂದು ಇಳಿಸುತ್ತಿದ್ದವಳು ಹನುಮವ್ವ. ಅವ್ವ ನಾಲ್ಕು ಮನೆಯ ಪಾತ್ರೆ ತಿಕ್ಕಲು ಹೋದರೆ ಅವನಿಗೆ ಉಣ್ಣಿಸಿದವಳೂ ಅವಳೇ. "ಅಜ್ಜಿ ಹರ್ ಬಾರ್ ವೋಟಿಗೆ ಹೋಗ್ತಿದ್ಲಾ?" ಎಂದು ಕೇಳಿದ.

"ಒಂದೂ ತಪ್ಪಿಸಲಿಲ್ಲ. ಶಾಯಿ ಬಳದ ಬೆರಳು ತೋರಿಸ್ಕೊಂತ ಓಣಿ ತುಂಬ ಅಡ್ಡಾಡತಿದ್ದಳು."

ಅಮೋಲ್ ಸಹಿ ಹಾಕಿದ. ಮುಂದಿನ ಭಾನುವಾರ ತಿರುವಿನ ಗುಂಪಿನಿಂದ ಒಂಬತ್ತು ಮಂದಿಯನ್ನು ಅವನೇ ಕರೆತಂದ.

ಆ ದಿನ ಅವರಲ್ಲೊಬ್ಬ ಗುರುಬಾಯಿಯನ್ನು ಕೇಳಿದ, ನೀವು ಮೊದಲ ಸಲ ಯಾರಿಗೆ ಹಾಕಿದಿರಿ ಎಂದು. ಗುರುಬಾಯಿ ಇದನ್ನು ಯಾರಿಗೂ ಹೇಳಿಕೊಂಡವಳಲ್ಲ. ಅಂದು ಹೇಳಿದಳು.

ಮದುವೆಯಾಗಿ ಬಂದ ಮರುವರ್ಷದ ಮಾತು. ಹೊಸ ಸೀರೆ ಉಟ್ಟು ಅತ್ತೆಯ ಜೊತೆ ಮತಗಟ್ಟೆಗೆ ಹೋಗಿ ಒಂದು ತಾಸು ಸಾಲಿನಲ್ಲಿ ನಿಂತಳು. ಒಳಗೆ ಕೂತವರು ಪಟ್ಟಿ ನೋಡಿ, ನಿನ್ನ ಮತ ಆಗಲೇ ಬಿದ್ದಿದೆ, ಹೋಗು ಎಂದರು. ಅವಳ ಹೆಸರಿನಲ್ಲಿ ಇನ್ನಾರೋ ಬಂದು ಒತ್ತಿ ಹೋಗಿದ್ದರು. ಮರಾಠಿ ಬಾರದು, ಎದುರು ಮಾತಾಡಲು ಬಾರದು. ಬೆರಳಿಗೆ ಶಾಯಿ ಇಲ್ಲದೆ ಹೊರಗೆ ಬಂದಳು. ಅತ್ತೆ, ಹೋಗಲಿ ಬಿಡು ಎಂದಳು.

"ಇಪ್ಪತ್ತೈದು ವರ್ಷದ ಮ್ಯಾಲ ಈ ಕೈಪಿಡಿಯೊಳಗ ಓದಿದೆ," ಎಂದಳು ಗುರುಬಾಯಿ. "ಹಂಗಾದ್ರ ಬ್ಯಾರೆ ಮತಪತ್ರ ಕೇಳೂ ಹಕ್ಕ ಐತಿ. ಅಲ್ಲಿ ಕುಂತವರು ಕೊಡಬೇಕು. ನನಗ ಗೊತ್ತಿರಲಿಲ್ಲ, ಹಿಂದಕ್ಕ ಬಂದೆ. ನಿಮಗ ಗೊತ್ತಿರಲಿ ಅಂತ ಹೇಳಿದೆ. ನೀವು ಹಿಂದಕ್ಕ ಬರಬ್ಯಾಡ್ರಿ."

ಹುಡುಗರು ಮೊಬೈಲು ಕೆಳಗಿಟ್ಟು ಕೇಳಿದರು. ಒಬ್ಬ ಮಾತ್ರ, "ಈ ಸಲ ಯಾರಿಗೆ ಹಾಕೋಣ, ಅದನ್ನೂ ಹೇಳ್ರಿ," ಎಂದ.

"ಅದನ್ನ ನಾ ಹೇಳಿದ್ರ ನನ್ನ ಕೆಲಸ ಹೋಗತೈತಿ," ಎಂದಳು ಅವಳು. "ನಿನ್ನ ಕೆಲಸಾನೂ ಹೋಗತೈತಿ. ಆರಿಸೂದು ನಿನ್ನ ಕೆಲಸ."

ಎಲ್ಲಕ್ಕಿಂತ ಕಷ್ಟವಾದದ್ದು ವೈಶಾಲಿಯ ಹೆಸರು. ನರ್ಸಿಂಗ್ ಓದುವ ಹುಡುಗಿ, ಬಾಯಿ ಬಿಟ್ಟರೆ ನೇರ ಮಾತು. ತಾಯಿ ಶರಣವ್ವ ಸ್ಟೇಷನ್ ಹತ್ತಿರ ಜೋಳದ ರೊಟ್ಟಿ ಮಾಡಿ ಮಾರುವವಳು. ಇಬ್ಬರೂ ಬಾಡಿಗೆ ಖೋಲಿಯಲ್ಲಿದ್ದರು, ಆಧಾರ್ ಕಾರ್ಡಿನಲ್ಲಿ ಇನ್ನೂ ಊರಿನ ವಿಳಾಸ. ಖೋಲಿಯ ಮಾಲೀಕ ಅಣವೀರಪ್ಪ ಬಾಡಿಗೆ ಕರಾರು ಬರೆದುಕೊಟ್ಟಿರಲಿಲ್ಲ, ಲೈಟ್ ಬಿಲ್ಲು ಅವನ ಹೆಸರಿನಲ್ಲೇ. ವೈಶಾಲಿ ಕೇಳಿದಾಗ, "ಇವತ್ತ ಪಟ್ಟ್ಯಾಗ ಹೆಸರ ಅಂತಿ, ನಾಳೆ ಖೋಲೀನ ನಂದು ಅಂತಿ," ಎಂದು ಬಾಗಿಲು ಮುಚ್ಚಿದ್ದ.

ಗುರುಬಾಯಿ ಹೋದಾಗಲೂ ಅದೇ ಮಾತು.

"ಅಣ್ಣಾರ, ಮತದಾರರ ಪಟ್ಟಿ ಯಾರಿಗೂ ಖೋಲಿ ಬರಕೊಡಾಂಗಿಲ್ಲ," ಎಂದಳು. "ಮತಗಟ್ಟೆ ಯಾವುದು ಅನ್ನೂದಷ್ಟ ಅದು ಹೇಳತೈತಿ."

"ಅವೆಲ್ಲಾ ನಂಗ ಗೊತ್ತಿಲ್ರಿ ಬಾಯಾರ. ನಾ ಸಹಿ ಹಾಕಾಂಗಿಲ್ಲ."

"ನಿಮ್ಮ ಸಹಿ ಕೇಳಾಕ ಬಂದಿಲ್ರಿ. ಕಾಗದ ಇಲ್ಲದವರ ಮನಿಗೆ ನಾನ ಹೋಗಿ ಕಣ್ಣಿಲೆ ನೋಡಿ ವರದಿ ಬರೀಬೇಕು ಅಂತ ನಿಯಮ ಐತಿ. ಅದನ್ನ ನಿಮ್ಮ ಕಿವಿಗೆ ಹಾಕಿ ಹೋಗೂಣಂತ ಬಂದೆ."

ಅಲ್ಲಿಂದ ನೇರ ವೈಶಾಲಿಯ ಖೋಲಿಗೆ ಹೋದಳು. ಒಲೆ, ರೊಟ್ಟಿಯ ಬುಟ್ಟಿ, ಗೋಡೆಗೆ ತೂಗಿದ ಕಾಲೇಜಿನ ಬಿಳಿ ಕೋಟು, ಎಲ್ಲ ನೋಡಿದಳು. ಅಕ್ಕಪಕ್ಕದ ಇಬ್ಬರನ್ನು ಕೇಳಿದಳು. ಮೂರು ವರ್ಷದಿಂದ ಇದೇ ಖೋಲಿಯಲ್ಲಿ ವಾಸ ಎಂದು ಬರೆದು ವರದಿ ಒಪ್ಪಿಸಿದಳು.

ಅಣವೀರಪ್ಪ ದೂರು ಕೊಟ್ಟ. ವಾರದೊಳಗೆ ಗುರುಬಾಯಿಗೆ ಚುನಾವಣಾ ಕಚೇರಿಯಿಂದ ಕರೆ ಬಂತು. ಕಾಶಪ್ಪ ಗಾಬರಿಯಾದ, ಇರುವ ಕೆಲಸಕ್ಕೂ ಕುತ್ತು ಬಂದೀತು ಎಂದ. ಗುರುಬಾಯಿ ಕೈಪಿಡಿಯನ್ನು ಎದೆಗೊತ್ತಿಕೊಂಡು ಹೋದಳು. ಅಧಿಕಾರಿ ದೂರಿನ ಕಾಗದ ಓದಿ, "ಏನಿದು ಬಾಯಿ, ದಾಖಲೆ ಇಲ್ಲದೆ ಹೆಸರು ಸೇರಿಸ್ತೀರಂತೆ?" ಎಂದು ಮರಾಠಿಯಲ್ಲಿ ಕೇಳಿದ. ಅವಳು ಪುಟ ತೆರೆದು ಮೇಜಿನ ಮೇಲಿಟ್ಟಳು, ಪಕ್ಕದಲ್ಲಿ ತನ್ನ ವರದಿ, ನೆರೆಯವರ ಹೇಳಿಕೆ. ಅವನು ಎಲ್ಲವನ್ನೂ ಸಾವಕಾಶ ಓದಿದ. ಇಷ್ಟು ಅಚ್ಚುಕಟ್ಟಾಗಿ ಯಾರೂ ಬರೆದುಕೊಡುವುದಿಲ್ಲ ಎಂದು ಹೇಳಿ ಒಪ್ಪಿಗೆಯ ಸಹಿ ಹಾಕಿದ. ಹೊರಗೆ ಬಂದು ಗುರುಬಾಯಿ ಒಂದು ವಡಾಪಾವ್ ತಿಂದಳು. ಹಸಿವಾಗಿದ್ದು ಆಗಲೇ ನೆನಪಾದದ್ದು.

ಅಂತಿಮ ಪಟ್ಟಿ ಬಂದಾಗ ಅವಳ ಮತಗಟ್ಟೆಗೆ ಮೂವತ್ತೊಂದು ಹೊಸ ಹರೆಯದ ಹೆಸರುಗಳು ಸೇರಿದ್ದವು.

ನವೆಂಬರ್ ತಿಂಗಳ ಒಂದು ಬುಧವಾರ ಮತದಾನ. ಮುನಿಸಿಪಾಲಿಟಿ ಶಾಲೆಯ ಹೊರಗೆ, ಮತಗಟ್ಟೆಗೆ ಎಳೆದ ಗಡಿಗೆರೆಯಾಚೆ, ಮೇಜು ಹಾಕಿಕೊಂಡು ಪಟ್ಟಿಯಲ್ಲಿ ಜನರ ಕ್ರಮಸಂಖ್ಯೆ ಹುಡುಕಿ ಚೀಟಿ ಬರೆದುಕೊಡುವುದು ಗುರುಬಾಯಿಯ ಪಾಲಿನ ಕೆಲಸ. ಎಂಟು ಗಂಟೆಗೆ ಹುಡುಗರ ಮೊದಲ ತಂಡ ಬಂತು, ಇಸ್ತ್ರಿ ಅಂಗಿ, ಸೆಂಟಿನ ವಾಸನೆ. ಎರಡೇ ನಿಮಿಷದಲ್ಲಿ ಗೇಟಿನಿಂದ ತಿರುಗಿ ಬಂದರು.

"ಪೊಲೀಸ್ ಬಿಡ್ತಿಲ್ಲ ಮಾವಶಿ. ಫೋನ್ ಅಲೌಡ್ ಇಲ್ವಂತೆ. ಮನೇಲಿಟ್ಟು ಬರ್ತೀವಿ."

ಮನೆಗೆ ಹೋದವರು ಮತ್ತೆ ಬಾರರು ಎಂಬುದು ಅವಳಿಗೆ ಗೊತ್ತು. ಸುತ್ತ ನೋಡಿದಳು. ಮೂಲೆಯಲ್ಲಿ ನಾಗವ್ವ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಮೂವತ್ತು ವರ್ಷದಿಂದ ಅದೇ ಮೂಲೆ, ಓಣಿಯಲ್ಲಿ ಅವಳನ್ನು ನಂಬದವರಿಲ್ಲ.

"ನಾಗಕ್ಕಾ, ಈ ಹುಡುಗರ ಫೋನು ಒಂದಿಷ್ಟು ನಿನ್ನ ಬುಟ್ಟ್ಯಾಗ ಇಟಗೋತಿಯೇನ?"

"ಇಟಗೊಂತೀನಿ. ಯಾರ್ದು ಯಾವುದು ಅಂತ ಹೆಂಗ ತಿಳೀಬೇಕು? ನನಗ ಓದಾಕ ಬರಾಂಗಿಲ್ಲಲ್ಲ."

ಉಪಾಯವನ್ನೂ ನಾಗವ್ವನೇ ಕಂಡುಕೊಂಡಳು. ಫೋನಿಗೊಂದು ಹೂವು ದಾರದಿಂದ ಕಟ್ಟಿ, ಅಂಥದೇ ಇನ್ನೊಂದನ್ನು ಒಡೆಯನ ಕೈಗೆ ಕೊಟ್ಟಳು. ಗೊಂಡೆ, ಸೇವಂತಿಗೆ, ಗುಲಾಬಿ, ಮಲ್ಲಿಗೆಯ ಮೊಗ್ಗು ಎರಡು, ಮೊಗ್ಗು ಮೂರು. ಹುಡುಗರು ಕೈಯಲ್ಲಿ ಹೂ ಹಿಡಿದು ಸಾಲಿಗೆ ನಿಂತರು. ಹನ್ನೊಂದರ ಹೊತ್ತಿಗೆ ಬುಟ್ಟಿಯಲ್ಲಿ ಇಪ್ಪತ್ತು ಫೋನು, ಒಂದಾದ ಮೇಲೊಂದು ಹಾಡುತ್ತಿದ್ದವು. ಗಿರಾಕಿಗಳು ಹೂವು ಕೇಳಲು ಬಂದರೆ ನಾಗವ್ವ, "ಇವತ್ತ ಹೂವು ಸರ್ಕಾರಿ ಡ್ಯೂಟಿ ಮ್ಯಾಲೈತಿ," ಎನ್ನುತ್ತಿದ್ದಳು.

ಮಧ್ಯಾಹ್ನ ವೈಶಾಲಿ ಒಳಗಿನಿಂದ ಕೆಂಪು ಮುಖ ಹೊತ್ತು ಬಂದಳು. "ಲಿಸ್ಟ್‌ನಲ್ಲಿ ಹೆಸರಿಲ್ಲ ಅಂದ್ರು. ಎಷ್ಟ ಅಡ್ಡಾಡೀವಿ ನಾವು."

ಗುರುಬಾಯಿಗೆ ಎದ್ದು ತಾನೇ ಹೋಗಬೇಕೆನ್ನಿಸಿತು. ಆದರೆ ಪಟ್ಟಿಯ ಹಿಂದಿನ ಹಾಳೆಗಳನ್ನು ತಿರುವಿ, ಕ್ರಮಸಂಖ್ಯೆಗೆ ಗೆರೆ ಎಳೆದು ಚೀಟಿ ಬರೆದಳು. "ಹೊಸಬರ ಹೆಸರು ಪುರವಣ್ಯಾಗ ಇರ್ತಾವು, ಪಟ್ಟಿ ಮುಗದ ಮ್ಯಾಲ. ಅವರು ಮುಂದಿಂದಷ್ಟ ನೋಡ್ಯಾರ. ಒಳಗ ಹೋಗಿ, ಪುರವಣಿ ತಗದು ಈ ನಂಬರ ನೋಡ್ರಿ ಅನ್ನು. ದನಿ ಇಳಿಸಬ್ಯಾಡ."

ವೈಶಾಲಿ ಹೋದಳು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಗುರುಬಾಯಿ ಬೇರೆಯವರ ಚೀಟಿ ಬರೆಯುತ್ತಿದ್ದರೂ ಕಣ್ಣು ಗೇಟಿನ ಮೇಲೇ ಇತ್ತು. ಕೊನೆಗೆ ಹುಡುಗಿ ಹೊರಬಂದು ದೂರದಿಂದಲೇ ಎಡಗೈಯ ತೋರುಬೆರಳು ಎತ್ತಿದಳು. ಒಳಗೆ ಕೂತಿದ್ದವರು ಪುರವಣಿ ತೆಗೆದು ನೋಡಿ, ತಪ್ಪಾಯಿತು ಎಂದರಂತೆ. ಅವಳ ಹಿಂದೆ ನಿಂತಿದ್ದ ಇನ್ನಿಬ್ಬರು ಹೊಸಬರಿಗೂ ಅದೇ ಪುರವಣಿಯನ್ನು ವೈಶಾಲಿಯೇ ತೋರಿಸಿ ಬಂದಿದ್ದಳು.

ಅಮೋಲ್ ಬಂದದ್ದು ಐದೂವರೆಗೆ. ಬಾಂದ್ರಾದಿಂದ ಸಿಗ್ನಲ್ಲು ಸಿಗ್ನಲ್ಲಿಗೆ ಸಿಕ್ಕಿಹಾಕಿಕೊಂಡು, ಬೆನ್ನ ಮೇಲೆ ಊಟದ ಚೀಲ ಹೊತ್ತೇ ಬಂದಿದ್ದ. ಸಾಲು ಶಾಲೆಯ ಗೋಡೆ ಸುತ್ತಿ ಹಿಂದಿನ ಗಲ್ಲಿಗೆ ತಿರುಗಿತ್ತು. "ಆರಕ್ಕೆ ಬಂದ್ ಅಲ್ವಾ? ಗಯಾ," ಎಂದ.

"ಆರರೊಳಗ ಸಾಲಿನಾಗ ನಿಂತವರದೆಲ್ಲಾ ತಗೋಬೇಕು. ಹೋಗು, ನಿಂದ್ರು."

ಅವನು ಫೋನನ್ನು ನಾಗವ್ವನಿಗೆ ಒಪ್ಪಿಸಿ ನಿಂತ. ಬುಟ್ಟಿಯಲ್ಲಿ ಅದು ಆರ್ಡರಿನ ಮೇಲೆ ಆರ್ಡರು ಕೂಗಿ ಸುಮ್ಮನಾಯಿತು. ಆರು ಗಂಟೆಗೆ ಪೊಲೀಸರು ಸಾಲಿನ ಕೊನೆಯವನಿಗೆ ಟೋಕನ್ ಕೊಟ್ಟು ಗೇಟು ಹಾಕಿದರು. ಅಮೋಲ್ ಹೊರಬಂದಾಗ ಆರೂ ಮುಕ್ಕಾಲು. ನೇರ ಗುರುಬಾಯಿಯ ಮೇಜಿಗೆ ಬಂದು, ಮಗು ಕೈ ತೊಳೆದು ತೋರಿಸುವ ಹಾಗೆ ಬೆರಳು ಚಾಚಿದ. ಅವಳು ತನ್ನ ಕಾಗದದಲ್ಲಿ ಅವನ ಹೆಸರಿಗೆ ಗುರುತು ಹಾಕಿದಳು. ಮೂವತ್ತೊಂದರಲ್ಲಿ ಇಪ್ಪತ್ತೇಳು.

ಎಣಿಕೆಯಾದ ಮರುದಿನ ಅವನು ಮುಖ ಸಣ್ಣದು ಮಾಡಿಕೊಂಡು ಬಂದ. ತಾನು ಹಾಕಿದವನು ಸೋತಿದ್ದ. "ವೇಸ್ಟ್ ಹೋಯ್ತು ಮಾವಶಿ."

ಗುರುಬಾಯಿ ಮಕ್ಕಳಿಗೆ ಖಿಚಡಿ ಬಡಿಸುತ್ತಿದ್ದಳು. "ಗೆದ್ದಾವ ನಿನಗ ಶಾಸಕ ಅಲ್ಲೇನ? ನೀ ಅವಗ ಹಾಕಿಲ್ಲಂತ ಟಾಯ್ಲೆಟ್ಟಿನ ಬಾಗಲಾ ಕೇಳಬಾರದಂತ ಯಾರ ಹೇಳ್ಯಾರ? ಈಗ ಪಟ್ಟ್ಯಾಗ ಅದೀರಿ. ಹೋಗಿ ಕೇಳ್ರಿ."

ಹೋಗುತ್ತಾರೆಂದು ಅವಳು ಎಣಿಸಿರಲಿಲ್ಲ. ಹೋದರು. ವೈಶಾಲಿ ಅರ್ಜಿ ಬರೆದಳು, ಅಮೋಲ್ ಮುರಿದ ಬಾಗಿಲುಗಳ ಫೋಟೋ ತೆಗೆದ, ಹದಿನಾರು ಮಂದಿ ಸಹಿ ಹಾಕಿದರು. ಶಾಸಕರ ಕಚೇರಿಯಲ್ಲಿ ಮೊದಲ ಸಲ ಸಾಹೇಬರು ಇಲ್ಲ ಎಂದರು, ಎರಡನೇ ಸಲ ಅರ್ಜಿ ಇಟ್ಟು ಹೋಗಿ ಎಂದರು. ಮೂರನೇ ಸಲ ಕಾರ್ಯದರ್ಶಿ ಅವರ ಮತಗಟ್ಟೆ ಯಾವುದೆಂದು ಕೇಳಿ, ಪಟ್ಟಿಯ ಭಾಗ ಸಂಖ್ಯೆಯನ್ನು ವೈಶಾಲಿ ಬಾಯಿಪಾಠ ಒಪ್ಪಿಸಿದ್ದು ಕಂಡು ಕುರ್ಚಿ ಹಾಕಿಸಿದ. ಜನವರಿಯಲ್ಲಿ ನಾಲ್ಕು ಹೊಸ ಬಾಗಿಲು ಬಂದವು, ಹೆಂಗಸರ ಕಡೆಗೆ ಎರಡು ದೀಪ. ನೀರು ಮಾತ್ರ ಇನ್ನೂ ಸರಿಯಾಗಿಲ್ಲ. ಅದಕ್ಕೆ ಬೇರೆ ಅರ್ಜಿ ತಯಾರಾಗುತ್ತಿದೆ.

ಬಾಗಿಲು ಬಂದ ವಾರ, ಅಂಗನವಾಡಿ ಬಿಡುವ ಹೊತ್ತಿಗೆ ಶರಣವ್ವ ಬಂದು ಹೊಸ್ತಿಲಲ್ಲಿ ನಿಂತಳು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ.

"ಬಾಯಾರ, ನನ್ನ ಹೆಸರ ಊರಾಗೈತಿ," ಎಂದಳು. "ಪ್ರತಿ ಸಲ ಯಾರರೆ ಗಾಡಿ ಮಾಡಿ ಕರ್ಕೊಂಡ ಹೋಗ್ತಿದ್ರು. ಗಂಡನ ಮನ್ಯಾವ್ರು ಹೇಳಿದ್ದಕ್ಕ ಒತ್ತಿ ಬರತಿದ್ದೆ. ಮಗಳು ನಿನ್ನಿ ಕೇಳಿದ್ಲು, ಅವ್ವಾ, ನೀ ಹದಿನೆಂಟ ವರ್ಷದಿಂದ ರೊಟ್ಟಿ ಬಡಿಯೂದು ಇಲ್ಲಿ, ವೋಟ್ ಹಾಕೂದು ಅಲ್ಲಿ ಯಾಕಂತ. ಅದಕ್ಕ ನಿಮ್ಮ ಕಡೆ ಬಂದೆ."

"ಹೆಸರು ಇಲ್ಲಿಗೆ ತರಾಕೂ ಒಂದು ಫಾರ್ಮ್ ಐತಿ," ಎಂದಳು ಗುರುಬಾಯಿ, ನೆಲದ ಮೇಲೆ ಚಾಪೆ ಹಾಸುತ್ತ. "ಬರ್ರಿ ಒಳಗ, ಕೂಡ್ರಿ."

ಶರಣವ್ವ ರೊಟ್ಟಿಯ ಗಂಟು ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು ಕೂತಳು. ಮೊದಲ ಸಾಲಿನಲ್ಲಿ ಏನು ಬರೆಯಬೇಕೆಂದು ಕೇಳಿದಳು.